ಉಪ್ಪು ಕಟ್ಟಿಸಿದ ಊರು ಲ್ಯೂಬೆಕ್

ಶುಕ್ರವಾರ

ಜರ್ಮನಿಯ ಹ್ಯಾಂಬರ್ಗ್‌ಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಲ್ಯೂಬೆಕ್‌ಗೆಂದು ಎತ್ತಿಡುವುದು ಅರ್ಧ ದಿನ. ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ, ಹೆಬ್ಬಾಗಿಲಿನ ಮುಂದೆ ನಿಂತು ಫೋಟೋ, ಕೈಯಲ್ಲೊಂದು ಮಾರ್ಜಿಪಾನ್ ಮಿಠಾಯಿಯ ಡಬ್ಬಿ, ಕತ್ತಲಾಗುವ ಮೊದಲೇ ವಾಪಸು. ಆ ಊರಿಗೆ ಇದು ಸಾಲದು. ಹ್ಯಾಂಬರ್ಗ್‌ನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗಳು ಮೇಘಾ ರಜೆ ಹಾಕಿ ಜೊತೆಗೆ ಬಂದಳು. ವಾರಾಂತ್ಯಕ್ಕೆ ಸೋಮವಾರವನ್ನೂ ಸೇರಿಸಿಕೊಂಡು, ಹಳೆಯ ಪೇಟೆಯೊಳಗೇ ಕೋಣೆ ಹಿಡಿದು ಉಳಿದೆವು. ಜೂನ್ ತಿಂಗಳ ಮೊದಲ ಭಾಗ. ರಾತ್ರಿ ಒಂಬತ್ತೂವರೆಯ ತನಕ ಬಿಸಿಲು ಇರುವ ಕಾಲ.

ಲ್ಯೂಬೆಕ್‌ನ ಹಳೆಯ ಪೇಟೆ ಒಂದು ದ್ವೀಪ. ಒಂದು ಕಡೆ ಟ್ರಾವ ನದಿ, ಇನ್ನೊಂದು ಕಡೆ ವಾಕೆನಿಟ್ಸ್ ಮತ್ತು ಕಾಲುವೆ. ಬಾಲ್ಟಿಕ್ ಸಮುದ್ರ ಸಿಗಬೇಕಾದರೆ ನದಿಯ ಗುಂಟ ಇನ್ನೂ ಇಪ್ಪತ್ತು ಕಿಲೋಮೀಟರ್ ಕೆಳಗೆ ಹೋಗಬೇಕು. ಹೀಗೆ ಒಳನಾಡಿನಲ್ಲಿದ್ದರೂ ಸುಮಾರು ಮುನ್ನೂರು ವರ್ಷ ಉತ್ತರ ಯುರೋಪಿನ ಸಮುದ್ರ ವ್ಯಾಪಾರದ ಬೀಗದ ಕೈ ಈ ಊರಿನ ಬಳಿ ಇತ್ತು. 1143ರಲ್ಲಿ ಹೋಲ್‌ಸ್ಟೈನ್‌ನ ದೊರೆ ಅಡಾಲ್ಫ್ ಇಲ್ಲಿ ಪೇಟೆ ಹೂಡಿದ. 1159ರಲ್ಲಿ ಸ್ಯಾಕ್ಸನಿಯ ಹೆನ್ರಿ ಅದನ್ನು ಮತ್ತೆ ಕಟ್ಟಿದ. 1226ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಇದಕ್ಕೆ ಸ್ವತಂತ್ರ ನಗರದ ಸನ್ನದು ಬರೆದುಕೊಟ್ಟ. ಅಲ್ಲಿಂದಾಚೆಗೆ ಚಕ್ರವರ್ತಿಯೊಬ್ಬನನ್ನು ಬಿಟ್ಟರೆ ಈ ಊರಿನ ಮೇಲೆ ಯಾವ ಅರಸನ ಅಧಿಕಾರವೂ ನಡೆಯಲಿಲ್ಲ. ಆ ಸ್ವಾತಂತ್ರ್ಯ ಹೋದದ್ದು 1937ರಲ್ಲಿ, ನಾಜಿಗಳ ಕಾಲದಲ್ಲಿ. ಯುರೋಪಿನ ಹಳೆಯ ಊರುಗಳಿಗೆ ಹೋದಾಗ ಕಣ್ಣು ಮೊದಲು ಅರಮನೆಯನ್ನು ಹುಡುಕುತ್ತದೆ. ಇಲ್ಲಿ ಅರಮನೆಯೇ ಇಲ್ಲ. ಕಣ್ಣಿಗೆ ಬೀಳುವುದೆಲ್ಲ ವ್ಯಾಪಾರಿಗಳು ಕಟ್ಟಿಸಿದ್ದು, ಅದೂ ಇಟ್ಟಿಗೆಯಲ್ಲಿ. ಈ ಭಾಗದಲ್ಲಿ ಕಟ್ಟಡಕ್ಕೆ ಆಗುವ ಕಲ್ಲು ಸಿಗುವುದಿಲ್ಲ.

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಹೋಲ್‌ಸ್ಟನ್ ಹೆಬ್ಬಾಗಿಲು. ಎರಡು ದಪ್ಪ ಗೋಪುರಗಳು, ತಲೆಯ ಮೇಲೆ ಕಪ್ಪು ಶಂಕುವಿನಂಥ ಮಾಡುಗಳು. ಕಟ್ಟಿದ್ದು 1464ರಿಂದ 1478ರ ನಡುವೆ. ಎರಡು ಗೋಪುರಗಳೂ ಒಂದರ ಕಡೆಗೊಂದು ವಾಲಿರುವುದು ದೂರದಿಂದಲೇ ಗೊತ್ತಾಗುತ್ತದೆ; ಕೆಳಗಿನ ಜೌಗು ನೆಲ ಆ ಭಾರವನ್ನು ಹೊರಲಾರದೆ ಕುಸಿದಿದೆ. ಹೊರಗಿನ ಕಡೆಯ ಗೋಡೆ ಮೂರೂವರೆ ಮೀಟರ್ ದಪ್ಪ, ಊರಿನ ಕಡೆಯದು ಒಂದು ಮೀಟರ್‌ಗಿಂತ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಾಗ ಈ ಬಾಗಿಲನ್ನು ಕೆಡವಿಬಿಡಬೇಕೆಂಬ ಕೂಗು ಎದ್ದಿತ್ತು. 1863ರಲ್ಲಿ ಮತಕ್ಕೆ ಹಾಕಿದಾಗ ಉಳಿಸಬೇಕೆಂಬ ಪಕ್ಷ ಗೆದ್ದದ್ದು ಒಂದೇ ಒಂದು ಮತದಿಂದ. ಮುಂದೆ ಇದೇ ಬಾಗಿಲು ಜರ್ಮನಿಯ ಐವತ್ತು ಮಾರ್ಕ್ ನೋಟಿನ ಮೇಲೆ ಅಚ್ಚಾಯಿತು. ಹೊರಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಬಂಗಾರದ ಅಕ್ಷರಗಳಿವೆ: ಮನೆಯೊಳಗೆ ಒಗ್ಗಟ್ಟು, ಹೊರಗೆ ಶಾಂತಿ. ವ್ಯಾಪಾರ ನಡೆಯಬೇಕಾದರೆ ಎರಡೂ ಬೇಕು.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಬಾಗಿಲಿನ ಮುಂದಲ್ಲ, ಅದರ ಪಕ್ಕದಲ್ಲಿ. ಟ್ರಾವ ನದಿಗೆ ಮುಖ ಮಾಡಿ ಆರು ಹಳೆಯ ಉಗ್ರಾಣಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. 1579ರಿಂದ 1745ರ ತನಕ ಬೇರೆ ಬೇರೆ ವರ್ಷಗಳಲ್ಲಿ ಕಟ್ಟಿದವು. ಒಂದೊಂದರ ಮುಖಪಟ್ಟಿಯೂ ಒಂದೊಂದು ಕಾಲದ ರುಚಿಗೆ ತಕ್ಕಂತೆ ಇದೆ. ಈಗ ಒಳಗೆ ಬಟ್ಟೆ ಅಂಗಡಿ ನಡೆಯುತ್ತದೆ. ಆಗ ಅಲ್ಲಿ ತುಂಬಿಡುತ್ತಿದ್ದದ್ದು ಉಪ್ಪು.

ಲ್ಯೂಬೆಕ್‌ನ ವೈಭವದ ಬೇರು ಇಲ್ಲಿದೆ. ಮಧ್ಯಯುಗದ ಕ್ರೈಸ್ತ ಯುರೋಪಿನಲ್ಲಿ ಶುಕ್ರವಾರಗಳು, ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಇನ್ನೂ ಎಷ್ಟೋ ವ್ರತದ ದಿನಗಳಲ್ಲಿ ಮಾಂಸ ನಿಷಿದ್ಧವಾಗಿತ್ತು, ಮೀನಿಗೆ ತಡೆ ಇರಲಿಲ್ಲ. ಸಮುದ್ರದಿಂದ ನೂರಾರು ಮೈಲಿ ಒಳಗಿದ್ದ ಊರಿನವರಿಗೂ ಮೀನು ಬೇಕು. ಇಂದಿನ ಸ್ವೀಡನ್ನಿನ ದಕ್ಷಿಣ ತುದಿಯಾದ ಸ್ಕೋನೆಯ ಕರಾವಳಿಗೆ ಪ್ರತಿ ವರ್ಷ ಮಳೆಗಾಲದ ಕೊನೆಯಿಂದ ಅಕ್ಟೋಬರ್ ತನಕ ಹೆರಿಂಗ್ ಮೀನಿನ ಹಿಂಡುಗಳು ಬರುತ್ತಿದ್ದವು. ಹೆರಿಂಗ್ ಎಣ್ಣೆಯಂಶದ ಮೀನು. ಹಿಡಿದ ದಿನವೇ ಉಪ್ಪಿನಲ್ಲಿ ಹಾಕಿ ಪೀಪಾಯಿಗೆ ತುಂಬದಿದ್ದರೆ ಕೆಟ್ಟುಹೋಗುತ್ತದೆ. ಆ ತೀರದಲ್ಲಿ ಮೀನಿತ್ತು, ಬೇಕಾದಷ್ಟು ಉಪ್ಪು ಇರಲಿಲ್ಲ. ಉಪ್ಪು ಇದ್ದದ್ದು ಲ್ಯೂಬೆಕ್‌ನ ದಕ್ಷಿಣಕ್ಕಿರುವ ಲ್ಯೂನೆಬರ್ಗ್‌ನಲ್ಲಿ, ನೆಲದಡಿಯ ಉಪ್ಪುನೀರಿನ ಬುಗ್ಗೆಗಳಲ್ಲಿ. ಆ ನೀರನ್ನು ಸೀಸದ ಅಗಲ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅಲ್ಲಿಯ ಉಪ್ಪನ್ನೂ ಇಲ್ಲಿಯ ಮೀನನ್ನೂ ಒಂದುಗೂಡಿಸಿದವರು ಲ್ಯೂಬೆಕ್‌ನ ವ್ಯಾಪಾರಿಗಳು.

ನಾನು ಕುಮಟಾದವಳು. ಅಘನಾಶಿನಿ ಅಳಿವೆಯ ಸಾಣಿಕಟ್ಟೆಯಲ್ಲಿ ಬೇಸಿಗೆ ಬಂತೆಂದರೆ ಆಗರದಲ್ಲಿ ಉಪ್ಪು ಎಳೆದು ರಾಶಿ ಹಾಕುವುದನ್ನು ನೋಡಿ ಬೆಳೆದವಳು. ಅಲ್ಲಿ ಸೂರ್ಯನೇ ನೀರನ್ನು ಆರಿಸುತ್ತಾನೆ. ಲ್ಯೂನೆಬರ್ಗ್‌ನವರಿಗೆ ಆ ಭಾಗ್ಯ ಇರಲಿಲ್ಲ. ವರ್ಷವಿಡೀ ಕಟ್ಟಿಗೆ ಉರಿಸಬೇಕಿತ್ತು. ಆ ಬೆಂಕಿಗೆ ಸುತ್ತಲಿನ ಎಷ್ಟೋ ಕಾಡು ಆಹುತಿಯಾಯಿತು. ಉಪ್ಪಿನ ಬೆಲೆಯಲ್ಲಿ ಸೌದೆಯ ಬೆಲೆಯೂ ಸೇರಿರುತ್ತಿತ್ತು.

"ಇಷ್ಟು ಭಾರದ ಸರಕನ್ನು ಅಷ್ಟು ದೂರದಿಂದ ಹೇಗೆ ತಂದರು ಅತ್ತೆ?" ಎಂದು ಮೇಘಾ ಕೇಳಿದಳು. ಮೊದಲು ಎತ್ತಿನ, ಕುದುರೆಯ ಗಾಡಿಗಳಲ್ಲಿ. ಹೊಂಡಬಿದ್ದ ಆ ದಾರಿಗೆ ಉಪ್ಪಿನ ದಾರಿ ಎಂಬ ಹೆಸರು ಈಗಲೂ ಇದೆ. ಸೈಕಲ್ ಪ್ರವಾಸಿಗಳು ಅದರಲ್ಲಿ ಹೋಗುತ್ತಾರೆ. ಆಮೇಲೆ ಊರಿನವರು ಕಾಲುವೆ ತೋಡಿದರು. 1392ರಲ್ಲಿ ಶುರುವಾದ ಸ್ಟೆಕ್‌ನಿಟ್ಸ್ ಕಾಲುವೆ 1398ರಲ್ಲಿ ಮುಗಿದು, ಆ ವರ್ಷದ ಬೇಸಿಗೆಯಲ್ಲಿ ಉಪ್ಪಿನ ದೋಣಿಗಳು ಮೊದಲ ಬಾರಿಗೆ ಲ್ಯೂಬೆಕ್ ಮುಟ್ಟಿದವು. ನಡುವೆ ದಿಣ್ಣೆ ಇದೆ. ಒಂದು ಕಡೆಯಿಂದ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇನ್ನೊಂದು ಕಡೆ ಇಳಿಸಬೇಕು. ಅದಕ್ಕಾಗಿ ಮರದ ತೂಬುಗಳನ್ನು ಕಟ್ಟಿ, ನೀರು ತುಂಬುವ ತನಕ ಕಾದು, ಒಟ್ಟಿಗೆ ಬಿಟ್ಟು, ಆ ನೀರಿನೊಂದಿಗೆ ದೋಣಿಗಳನ್ನು ಸಾಗಿಸುತ್ತಿದ್ದರು. ಹೀಗೆ ದಿಣ್ಣೆ ದಾಟಿಸುವ ಕಾಲುವೆಗಳಲ್ಲಿ ಯುರೋಪಿನ ಅತಿ ಹಳೆಯವುಗಳಲ್ಲಿ ಇದೂ ಒಂದು. ಹರಿವಿಗೆ ಎದುರಾಗಿ ಹೋಗುವಾಗ ದಡದಲ್ಲಿ ನಡೆಯುತ್ತಾ ಮನುಷ್ಯರೇ ಹಗ್ಗ ಹಿಡಿದು ಎಳೆಯುತ್ತಿದ್ದರು. ಐನೂರು ವರ್ಷ ಅದು ನಡೆಯಿತು. 1900ರಲ್ಲಿ ಹೊಸ ಎಲ್ಬ-ಲ್ಯೂಬೆಕ್ ಕಾಲುವೆ ಬಂದ ಮೇಲೆ ಹಳೆಯದರ ಕೆಲಸ ಮುಗಿಯಿತು.

ಸಂಜೆ ನದಿಯ ದಂಡೆಯಲ್ಲಿ ಕುಳಿತು ಹೆರಿಂಗ್ ತಿಂದೆ. ಉಪ್ಪಿನಲ್ಲಿ ಹದಗೊಳಿಸಿದ ಹಸಿ ಮೀನು, ತೆಳುವಾಗಿ ಹೆಚ್ಚಿದ ಈರುಳ್ಳಿ, ಗರಿಗರಿ ಬನ್ನು. ಜೂನ್‌ನಲ್ಲಿ ಎಳೆಯ ಹೆರಿಂಗ್‌ನ ಸುಗ್ಗಿ. ಮಾಂಸ ಬೆಣ್ಣೆಯಷ್ಟು ಮೆದು, ಬಾಯಿಯಲ್ಲಿ ಉಳಿಯುವುದು ಉಪ್ಪು. ಮೇಘಾ ಮೀನು ತಿನ್ನುವುದಿಲ್ಲ. ಅವಳಿಗೆ ಚೀಸ್ ಹಾಕಿದ ರೈ ಬ್ರೆಡ್ ಸಿಕ್ಕಿತು.

ಶನಿವಾರ

ಬೆಳಿಗ್ಗೆ ಮೊದಲು ಸೇಂಟ್ ಪೀಟರ್ ಚರ್ಚಿನ ಗೋಪುರ ಹತ್ತಿದೆವು. ಲಿಫ್ಟ್ ಇದೆ, ಐವತ್ತು ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಲ್ಯೂಬೆಕ್ ನೋಡಲು ಹೊರಟವರು ಇದನ್ನು ಮೊದಲು ಮಾಡುವುದು ಒಳ್ಳೆಯದು. ದ್ವೀಪದ ಆಕಾರ, ನೀರಿನ ಸುತ್ತು, ನಡುವಿನ ಏಣಿನಿಂದ ನದಿಯ ಕಡೆಗೆ ಇಳಿಯುವ ಬೀದಿಗಳು, ಕೆಂಪು ಹೆಂಚಿನ ಮಾಡುಗಳು ಎಲ್ಲವೂ ಒಮ್ಮೆಗೇ ಅರ್ಥವಾಗುತ್ತವೆ. ಬೀದಿಗಳು ನದಿಗೆ ಇಳಿಯುವುದು ಸುಮ್ಮನೆ ಅಲ್ಲ. ಹಡಗಿನಿಂದ ಇಳಿದ ಸರಕು ನೇರವಾಗಿ ವ್ಯಾಪಾರಿಯ ಮನೆ ಬಾಗಿಲಿಗೆ ಬರಬೇಕಿತ್ತು. ಮನೆಯ ಕೆಳಗಡೆ ಲೆಕ್ಕದ ಕೋಣೆ ಮತ್ತು ವಾಸ, ಮೇಲಿನ ಅಟ್ಟಗಳಲ್ಲಿ ಧಾನ್ಯ, ಮೇಣ, ತುಪ್ಪಳ. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಮನೆಗಳ ನೆತ್ತಿಯಲ್ಲಿ ಮೂಟೆ ಎತ್ತುವ ರಾಟೆಯ ಕಿಂಡಿಗಳು ಹಲವು ಕಡೆ ಈಗಲೂ ಇವೆ. ಐದು ದೊಡ್ಡ ಚರ್ಚುಗಳ ಏಳು ಶಿಖರಗಳು ಊರಿನ ಗುರುತು. 1987ರಲ್ಲಿ ಯುನೆಸ್ಕೋ ಈ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೆಳಗಿಳಿದು ಮಾರುಕಟ್ಟೆ ಚೌಕಕ್ಕೆ ಬಂದೆವು. ನಗರಸಭೆಯ ಕಟ್ಟಡ ಹದಿಮೂರನೆಯ ಶತಮಾನದಿಂದ ಬೆಳೆಯುತ್ತಾ ಬಂದದ್ದು. ಕಪ್ಪು ಮೆರುಗಿನ ಇಟ್ಟಿಗೆಯ ಎತ್ತರದ ಪರದೆಗೋಡೆಯಲ್ಲಿ ದೊಡ್ಡ ದುಂಡು ತೂತುಗಳು. ಗಾಳಿಯ ಹೊಡೆತಕ್ಕೆ ಗೋಡೆ ಬೀಳದಿರಲಿ ಎಂದು ಬಿಟ್ಟದ್ದು. ಇದೇ ಊರಿನಲ್ಲಿ ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಹಾನ್ಸಾ ಒಕ್ಕೂಟದ ಸಭೆ ಸೇರುತ್ತಿತ್ತು. ಲಂಡನ್, ಬ್ರೂಜ್, ಬರ್ಗೆನ್, ನೊವ್‌ಗೊರೊಡ್‌ಗಳಲ್ಲಿ ಕೋಠಿಗಳನ್ನು ಇಟ್ಟುಕೊಂಡಿದ್ದ ಆ ಒಕ್ಕೂಟಕ್ಕೆ ಖಾಯಂ ಸೈನ್ಯವಿರಲಿಲ್ಲ, ಅರಸನಿರಲಿಲ್ಲ. ಊರೂರಿನ ವ್ಯಾಪಾರಿಗಳು ಪ್ರತಿನಿಧಿಗಳನ್ನು ಕಳಿಸಿ, ಕೂತು ಮಾತಾಡಿ ತೀರ್ಮಾನಿಸುತ್ತಿದ್ದರು. ತೀರ್ಮಾನಕ್ಕೆ ಒಪ್ಪದ ಊರಿನೊಂದಿಗೆ ವ್ಯಾಪಾರ ನಿಲ್ಲಿಸಿಬಿಡುವುದು ಅವರ ದೊಡ್ಡ ಆಯುಧ. ಕೊನೆಯ ಸಭೆ ನಡೆದದ್ದು 1669ರಲ್ಲಿ, ಇಲ್ಲಿಯೇ.

ಚೌಕದ ಹಿಂದೆ ಸೇಂಟ್ ಮೇರಿ ಚರ್ಚ್. ಇದು ಬಿಷಪ್ಪರ ಚರ್ಚಲ್ಲ. ಬಿಷಪ್ಪರದ್ದು ಊರಿನ ದಕ್ಷಿಣ ತುದಿಯಲ್ಲಿದೆ. ಇದು ವ್ಯಾಪಾರಿಗಳು ತಮ್ಮ ಹಣದಿಂದ, ಮಾರುಕಟ್ಟೆಯ ಬೆನ್ನಿಗೇ, ಬಿಷಪ್ಪರದ್ದಕ್ಕಿಂತ ಎತ್ತರವಾಗಿ ಎಬ್ಬಿಸಿದ್ದು. ಒಳಗೆ ಕಾಲಿಟ್ಟು ತಲೆಯೆತ್ತಿದರೆ ಮೂವತ್ತೆಂಟೂವರೆ ಮೀಟರ್ ಮೇಲೆ ಚಾವಣಿ. ಇಟ್ಟಿಗೆಯ ಕಮಾನು ಚಾವಣಿಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಫ್ರಾನ್ಸಿನಲ್ಲಿ ಕಲ್ಲಿನಲ್ಲಿ ಮಾಡಿದ್ದನ್ನು ಇಲ್ಲಿ ಸುಟ್ಟ ಮಣ್ಣಿನಲ್ಲಿ ಮಾಡಿದರು. ಬಾಲ್ಟಿಕ್ ತೀರದ ಎಷ್ಟೋ ಊರುಗಳು ಇದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಚರ್ಚುಗಳನ್ನು ಕಟ್ಟಿಕೊಂಡವು.

ದಕ್ಷಿಣ ಗೋಪುರದ ಬುಡದಲ್ಲಿರುವ ಕೋಣೆಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಒಳಗೆ ನೆಲದ ಮೇಲೆ ಎರಡು ದೊಡ್ಡ ಗಂಟೆಗಳು ಒಡೆದು, ಕರಗಿ, ಅರ್ಧ ನೆಲದಲ್ಲಿ ಹೂತು ಬಿದ್ದಿವೆ. 1942ರ ಮಾರ್ಚ್ 28ರ ರಾತ್ರಿ, ಪಾಮ್ ಸಂಡೇ ಹಬ್ಬದ ಹಿಂದಿನ ರಾತ್ರಿ, ಬ್ರಿಟಿಷ್ ವಿಮಾನಗಳು ಈ ಊರಿನ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿದವು. ಮರದ ತೊಲೆಗಳ ಹಳೆಯ ಪೇಟೆ ಬೇಗ ಹೊತ್ತಿಕೊಂಡಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಗೋಪುರಕ್ಕೆ ಬೆಂಕಿ ಹತ್ತಿ, ಗಂಟೆಗಳು ತೂಗಿಬಿಟ್ಟ ಮರ ಸುಟ್ಟು, ಅವು ಅಷ್ಟು ಎತ್ತರದಿಂದ ಕಲ್ಲಿನ ಹಾಸಿನ ಮೇಲೆ ಬಿದ್ದವು. ಯುದ್ಧದ ನಂತರ ಚರ್ಚನ್ನು ಮತ್ತೆ ಕಟ್ಟಿದರು. ಗಂಟೆಗಳನ್ನು ಮಾತ್ರ ಬಿದ್ದಲ್ಲೇ ಬಿಟ್ಟರು. ಆ ನಿರ್ಧಾರ ಮಾಡಿದವರ ಬಗ್ಗೆ ನನಗೆ ತುಂಬ ಗೌರವ ಮೂಡಿತು. ಕರಗಿಸಿ ಹೊಸ ಗಂಟೆ ಎರಕ ಹೊಯ್ಯುವುದು ಸುಲಭವಿತ್ತು. ಬಿದ್ದದ್ದು ಬಿದ್ದಂತೆಯೇ ಇದ್ದುದರಿಂದ ಆ ರಾತ್ರಿ ಏನಾಯಿತೆಂದು ಯಾರೂ ವಿವರಿಸುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಮೊಳೆಗಳಿಂದ ಮಾಡಿದ ಶಿಲುಬೆ ಇದೆ. 1940ರ ನವೆಂಬರ್‌ನಲ್ಲಿ ಜರ್ಮನ್ ವಿಮಾನಗಳು ಸುಟ್ಟುಹಾಕಿದ ಇಂಗ್ಲೆಂಡಿನ ಕವೆಂಟ್ರಿಯ ಚರ್ಚಿನಿಂದ ಬಂದ ಸ್ನೇಹದ ಗುರುತು ಅದು.

ಈ ಊರಿನಲ್ಲಿ 1875ರಲ್ಲಿ ಹುಟ್ಟಿದ ಕಾದಂಬರಿಕಾರ ಥಾಮಸ್ ಮನ್ ಆಗ ಅಮೆರಿಕದಲ್ಲಿ ದೇಶಭ್ರಷ್ಟ. ಬಿಬಿಸಿ ರೇಡಿಯೋದ ಮೂಲಕ ಜರ್ಮನರಿಗೆ ಮಾತಾಡುತ್ತಿದ್ದ ಅವರು ಲ್ಯೂಬೆಕ್ ಸುಟ್ಟ ಸುದ್ದಿ ಬಂದಾಗ ಕವೆಂಟ್ರಿಯನ್ನು ನೆನೆದರು. ಮಾಡಿದ್ದಕ್ಕೆಲ್ಲ ಬೆಲೆ ತೆರಬೇಕೆಂಬ ಮಾತಿಗೆ ತಮ್ಮ ತಕರಾರಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಮೆಂಗ್ ಬೀದಿಯಲ್ಲಿದ್ದ ಅವರ ಅಜ್ಜ-ಅಜ್ಜಿಯ ಮನೆಯೂ ಅದೇ ರಾತ್ರಿ ಸುಟ್ಟು, ಮುಂದಿನ ಗೋಡೆ ಮತ್ತು ನೆಲಮಾಳಿಗೆಯಷ್ಟೇ ಉಳಿದಿದ್ದವು. ಹುಟ್ಟಿದ ಊರಿನ ಬಗ್ಗೆ ಹಾಗೆ ಹೇಳಲು ಎಂಥ ಎದೆ ಬೇಕು ಎಂದು ಆ ಗಂಟೆಗಳ ಮುಂದೆ ನಿಂತು ಯೋಚಿಸಿದೆ.

ಚರ್ಚಿನ ಇನ್ನೊಂದು ಮೂಲೆಯಲ್ಲಿ ಸಾವಿನ ನೃತ್ಯದ ಚಿತ್ರವಿತ್ತು. 1463ರಲ್ಲಿ ಬರ್ನ್‌ಟ್ ನೋಟ್ಕೆ ಬರೆದದ್ದು. ಪೋಪ್‌ನಿಂದ ತೊಟ್ಟಿಲ ಕೂಸಿನ ತನಕ ಪ್ರತಿಯೊಬ್ಬರ ಕೈಯನ್ನೂ ಒಂದೊಂದು ಅಸ್ಥಿಪಂಜರ ಹಿಡಿದು ಕುಣಿಸುತ್ತಿತ್ತು, ಹಿನ್ನೆಲೆಯಲ್ಲಿ ಲ್ಯೂಬೆಕ್ ನಗರ. ಬಟ್ಟೆ ಹಳತಾಯಿತೆಂದು 1701ರಲ್ಲಿ ಅದರ ನಕಲು ಮಾಡಿಸಿದರು. ಆ ನಕಲೂ 1942ರಲ್ಲಿ ಬೂದಿಯಾಯಿತು. ಈಗ ಆ ಜಾಗದಲ್ಲಿ ಅದೇ ವಿಷಯದ ಬಣ್ಣದ ಗಾಜಿನ ಕಿಟಕಿಗಳಿವೆ.

ಬೆಂಕಿಯ ಬಿಸಿಗೆ ಗೋಡೆಯ ಸುಣ್ಣ ಉದುರಿ, ಅದರಡಿಯಲ್ಲಿ ಮಧ್ಯಯುಗದ ವರ್ಣಚಿತ್ರಗಳು ಹೊರಬಂದವು. ಅವನ್ನು ಸರಿಪಡಿಸುವ ಕೆಲಸಕ್ಕೆ ಬಂದ ಲೋಥಾರ್ ಮಾಲ್‌ಸ್ಕಾಟ್ ಎಂಬ ಚಿತ್ರಕಾರ, ಚಿತ್ರ ಉಳಿಯದಿದ್ದ ಕಡೆ ತಾನೇ ಹೊಸದಾಗಿ ಬರೆದ. 1951ರಲ್ಲಿ ಚರ್ಚಿನ ಏಳುನೂರನೆಯ ವರ್ಷದ ಉತ್ಸವದಲ್ಲಿ ಪಂಡಿತರೆಲ್ಲ ಅವನ್ನು ಹದಿಮೂರನೆಯ ಶತಮಾನದವೆಂದು ಕೊಂಡಾಡಿದರು. ಮರುವರ್ಷ ಮಾಲ್‌ಸ್ಕಾಟ್ ತಾನಾಗಿಯೇ ಸತ್ಯ ಹೇಳಿದ. ಮೊದಲಿಗೆ ಯಾರೂ ನಂಬಲಿಲ್ಲ. ಕೊನೆಗೆ ಜೈಲು ಶಿಕ್ಷೆಯಾಯಿತು, ಅವನು ಬರೆದದ್ದನ್ನು ತೊಳೆದು ತೆಗೆದರು.

ಸಂಗೀತದ ಕಥೆಯನ್ನೂ ಹೇಳದೆ ಈ ಚರ್ಚಿನಿಂದ ಹೊರಬರಲಾರೆ. 1668ರಿಂದ 1707ರ ತನಕ ಇಲ್ಲಿ ಆರ್ಗನ್ ನುಡಿಸುತ್ತಿದ್ದವರು ಡೀಟ್ರಿಕ್ ಬುಕ್ಸ್‌ಟೆಹೂಡೆ. 1705ರ ಶರತ್ಕಾಲದಲ್ಲಿ, ಇಪ್ಪತ್ತರ ಹರೆಯದ ಯೊಹಾನ್ ಸೆಬಾಸ್ಟಿಯನ್ ಬಾಖ್ ಈ ಹಿರಿಯರ ವಾದನ ಕೇಳಲೆಂದು ಆರ್ನ್‌ಸ್ಟಾಟ್‌ನಿಂದ ನಾನೂರು ಕಿಲೋಮೀಟರ್ ನಡೆದು ಬಂದ. ಕೆಲಸದ ಊರಿನಲ್ಲಿ ಕೇಳಿಕೊಂಡ ರಜೆ ನಾಲ್ಕು ವಾರ, ಉಳಿದದ್ದು ಸುಮಾರು ನಾಲ್ಕು ತಿಂಗಳು. ಹಿಂದಿರುಗಿದ ಮೇಲೆ ಮೇಲಿನವರಿಂದ ಬೈಗುಳ ತಿಂದ. ಗುರುವನ್ನು ಹುಡುಕಿಕೊಂಡು ಊರೂರು ಅಲೆದವರ ಕಥೆಗಳನ್ನು ಧಾರವಾಡದ ಕಡೆ ಬೇಕಾದಷ್ಟು ಕೇಳಿದವಳು ನಾನು. ಬಾಖ್ ನಡೆದ ದಾರಿ ನನಗೆ ಪೂರ್ತಿ ಅರ್ಥವಾಗುತ್ತದೆ.

ಸಂಜೆ ನಗರಸಭೆಯ ಎದುರಿಗಿರುವ, 1806ರಲ್ಲಿ ಶುರುವಾದ ನೀಡರೆಗ್ಗರ್ ಅಂಗಡಿಗೆ ಹೋದೆವು. ಮಾರ್ಜಿಪಾನ್ ಎಂದರೆ ನುಣ್ಣಗೆ ಅರೆದ ಬಾದಾಮಿ ಮತ್ತು ಸಕ್ಕರೆ. ಇಲ್ಲಿಯದರಲ್ಲಿ ಬಾದಾಮಿಯ ಪಾಲು ಹೆಚ್ಚು, ಸಿಹಿ ಹಿತಮಿತ. ಬಾದಾಮಿ ಬೆಳೆಯದ ಈ ಚಳಿಯ ನಾಡಿಗೆ ಅದು ದಕ್ಷಿಣದಿಂದ ಹಡಗಿನಲ್ಲಿ ಬಂದ ಸರಕು. ಹೆರಿಂಗ್ ಮಾರಿದ ಊರಿಗೆ ಹೆಸರು ತಂದ ತಿಂಡಿ ಹೊರನಾಡಿನ ಕಾಯಿಯದ್ದು.

ಭಾನುವಾರ

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ಬೀಗ. ಲ್ಯೂಬೆಕ್‌ನ ಓಣಿಗಳಲ್ಲಿ ಅಲೆಯಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ಎಂಗೆಲ್ಸ್‌ಗ್ರೂಬೆ ಎಂಬ ಇಳಿಜಾರು ಬೀದಿಯಲ್ಲಿ ಹೋಗುವಾಗ ಎರಡು ದೊಡ್ಡ ಮನೆಗಳ ನಡುವೆ ಸೊಂಟ ಬಗ್ಗಿಸಿ ನುಗ್ಗಬೇಕಾದ ಕಂಡಿಗಳು ಕಾಣುತ್ತವೆ. ನುಗ್ಗಿ ಹತ್ತು ಹೆಜ್ಜೆ ಇಟ್ಟರೆ ಒಳಗೊಂದು ಕೇರಿಯೇ ತೆರೆದುಕೊಳ್ಳುತ್ತದೆ. ಒಂದು ಬಾಗಿಲು, ಎರಡು ಕಿಟಕಿಯ ಪುಟ್ಟ ಮನೆಗಳ ಸಾಲು, ಗೋಡೆಗೆ ಹಬ್ಬಿಸಿದ ಗುಲಾಬಿ, ಬಾಗಿಲ ಬಳಿ ಮಕ್ಕಳ ಸೈಕಲ್. ಊರಿನಲ್ಲಿ ಜನ ಹೆಚ್ಚಾಗಿ, ದ್ವೀಪದಲ್ಲಿ ಜಾಗ ಸಾಲದೆ ಹೋದಾಗ ದೊಡ್ಡ ಮನೆಯವರು ತಮ್ಮ ಹಿತ್ತಿಲಲ್ಲಿ ಸಾಲು ಗೂಡುಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟರು. ಅಲ್ಲಿ ಇದ್ದವರು ಮೂಟೆ ಹೊರುವವರು, ಪೀಪಾಯಿ ಮಾಡುವವರು, ನಾವಿಕರು, ಕೂಲಿಯವರು. ಒಂದು ಶವಪೆಟ್ಟಿಗೆ ಹೊರಗೆ ಹೋಗುವಷ್ಟು ಅಗಲವನ್ನಾದರೂ ದಾರಿಗೆ ಬಿಡಬೇಕೆಂಬ ಕಟ್ಟಳೆ ಇತ್ತೆಂದು ಊರಿನವರು ಹೇಳುತ್ತಾರೆ. ಇಂಥ ಓಣಿಗಳು ಸುಮಾರು 90 ಉಳಿದಿವೆ, ಎಲ್ಲದರಲ್ಲೂ ಜನ ವಾಸವಿದ್ದಾರೆ. ದನಿ ತಗ್ಗಿಸಿ, ಕಿಟಕಿಯೊಳಗೆ ಇಣುಕದೆ ನಡೆಯುವುದು ನೋಡಲು ಬಂದವರ ಕರ್ತವ್ಯ. ಕಿಟಕಿಗೆ ಮೊಬೈಲ್ ಒತ್ತಿ ಚಿತ್ರ ತೆಗೆಯುತ್ತಿದ್ದ ಗುಂಪೊಂದನ್ನು ಕಂಡು ನನಗೆ ಬೇಸರವಾಯಿತು.

ಗ್ಲೋಕನ್‌ಗೀಸರ್ ಬೀದಿಯ ಫ್ಯೂಕ್ಟಿಂಗ್ ವಠಾರ ಬೇರೆಯದೇ ಬಗೆ. ಯೊಹಾನ್ ಫ್ಯೂಕ್ಟಿಂಗ್ ಎಂಬ ವ್ಯಾಪಾರಿ ಬರೆದಿಟ್ಟ ಉಯಿಲಿನ ಹಣದಿಂದ 1639ರಲ್ಲಿ ಕಟ್ಟಿದ್ದು. ಕೆತ್ತನೆಯ ಎತ್ತರದ ಬಾಗಿಲು, ಒಳಗೆ ವಿಶಾಲ ಅಂಗಳ, ಸುತ್ತಲೂ ಮನೆಗಳು. ಸತ್ತುಹೋದ ವ್ಯಾಪಾರಿಗಳ ಮತ್ತು ಹಡಗಿನ ಯಜಮಾನರ ಹೆಂಡಂದಿರಿಗಾಗಿ ಮೀಸಲಿಟ್ಟದ್ದು. ಸಮುದ್ರದ ವ್ಯಾಪಾರದಲ್ಲಿ ವಿಧವೆಯರ ಸಂಖ್ಯೆ ಸಣ್ಣದಿರುವುದಿಲ್ಲ. ಇದೇ ಬೀದಿಯ ಗ್ಲಾಂಡೋರ್ಪ್ ವಠಾರ ಇನ್ನೂ ಹಳೆಯದು, 1612ರದ್ದು.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಪವಿತ್ರಾತ್ಮ ಆಸ್ಪತ್ರೆ. 1286ರಲ್ಲಿ ಕಟ್ಟಿ ಮುಗಿಸಿದ್ದು, ಬಡವರಿಗೆ ಮತ್ತು ಮುದುಕರಿಗೆ ಆಸರೆಯಾಗಿ ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡಗಳಲ್ಲಿ ಒಂದು. ಇದನ್ನೂ ವ್ಯಾಪಾರಿಗಳೇ ಕಟ್ಟಿಸಿದರು. ಮುಂದೆ ಪ್ರಾರ್ಥನೆಯ ಅಂಗಣ, ಹಿಂದೆ ಉದ್ದನೆಯ ಹಜಾರ. ಹಜಾರದಲ್ಲಿ 1820ರ ಸುಮಾರಿಗೆ ಮರದ ಹಲಗೆಯಿಂದ ಪುಟ್ಟ ಕೋಣೆಗಳನ್ನು ಮಾಡಿದರು. ಒಂದು ಮಂಚ, ಒಂದು ಪೆಟ್ಟಿಗೆ ಹಿಡಿಸುವಷ್ಟು ಜಾಗ, ಮೇಲೆ ಚಾವಣಿ ಇಲ್ಲ, ಬಾಗಿಲಿನ ಮೇಲೆ ಸಂಖ್ಯೆ. 1970ರ ತನಕ ಮುದುಕರು ಇಲ್ಲಿ ಬದುಕಿದ್ದರು. ಮೇಘಾ ಒಂದು ಕೋಣೆಯ ಬಾಗಿಲಲ್ಲಿ ನಿಂತು, "ಕೊನೆಗಾಲಕ್ಕೆ ಇಷ್ಟೇ ಜಾಗವೇ ಅತ್ತೆ?" ಎಂದಳು. ಇಷ್ಟಾದರೂ ಇತ್ತಲ್ಲ ಎಂದು ನನಗನ್ನಿಸಿತು. ಏಳುನೂರು ವರ್ಷ ಒಂದೇ ಕಟ್ಟಡದಲ್ಲಿ ಒಂದೇ ಕೆಲಸ, ದಿಕ್ಕಿಲ್ಲದವರಿಗೆ ಹಾಸಿಗೆ ಮತ್ತು ಗಂಜಿ. ಲ್ಯೂಬೆಕ್‌ನ ಎಲ್ಲ ಶಿಖರಗಳಿಗಿಂತ ಈ ಹಜಾರ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಎದುರಿಗೇ ನಾವಿಕರ ಚರ್ಚ್, ಸೇಂಟ್ ಜೇಕಬ್. ಯುದ್ಧದಲ್ಲಿ ಇದಕ್ಕೆ ಹಾನಿಯಾಗಲಿಲ್ಲ, ಹಳೆಯ ಆರ್ಗನ್‌ಗಳೂ ಉಳಿದುಕೊಂಡವು. ಗೋಪುರದ ಬುಡದಲ್ಲಿ, ಉತ್ತರ ಬದಿಯ ಪ್ರಾರ್ಥನೆಯ ಕೋಣೆಯಲ್ಲಿ ಒಂದು ಮುರುಕು ಮರದ ದೋಣಿ ಇದೆ. 1957ರ ಸೆಪ್ಟೆಂಬರ್ 21ರಂದು ಅಟ್ಲಾಂಟಿಕ್‌ನ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಪಾಮೀರ್ ಎಂಬ ಹಾಯಿಹಡಗಿನ ಜೀವರಕ್ಷಕ ದೋಣಿ ಅದು. ಹಡಗಿನಲ್ಲಿದ್ದವರು 86 ಜನ, ಹಲವರು ತರಬೇತಿಗೆ ಬಂದ ಹುಡುಗರು. ಬದುಕಿ ಬಂದವರು ಆರು. ಚರ್ಚಿನ ಪಕ್ಕದ ಬೀದಿಯಲ್ಲಿ 1535ರ ನಾವಿಕ ಸಂಘದ ಮನೆ ಈಗ ಊಟದ ಮನೆಯಾಗಿದೆ. ಹಡಗಿನ ಹಲಗೆಯಂಥ ಉದ್ದ ಬೆಂಚುಗಳು, ಚಾವಣಿಯಿಂದ ತೂಗಿಬಿಟ್ಟ ಹಡಗಿನ ಮಾದರಿಗಳು. ಮಧ್ಯಾಹ್ನದ ಊಟ ಅಲ್ಲಿ.

ಆಮೇಲೆ ಹಾನ್ಸಾ ವಸ್ತುಸಂಗ್ರಹಾಲಯ. 2015ರಲ್ಲಿ ತೆರೆದದ್ದು, ಊರಿನ ಉತ್ತರ ತುದಿಯಲ್ಲಿ ಹಳೆಯ ಮಠಕ್ಕೆ ಸೇರಿಕೊಂಡಿದೆ. ನೊವ್‌ಗೊರೊಡ್‌ನ ತುಪ್ಪಳದ ವ್ಯಾಪಾರ, ಬ್ರೂಜ್‌ನ ಬಟ್ಟೆಯ ಸಂತೆ, ಬರ್ಗೆನ್‌ನ ಒಣಮೀನಿನ ಕೋಠಿ ಎಲ್ಲವನ್ನೂ ಕೋಣೆಗಳಲ್ಲಿ ಕಟ್ಟಿ ತೋರಿಸುತ್ತಾರೆ. ಮೂರು ಗಂಟೆ ಬೇಕು.

ಹಾನ್ಸಾ ವ್ಯಾಪಾರಿಗಳಲ್ಲಿ ನನ್ನ ಮನಸ್ಸಿಗೆ ಹತ್ತಿರದವನು ಹಿಲ್ಡೆಬ್ರಾಂಡ್ ವೆಕಿನ್‌ಹುಸೆನ್. ಬ್ರೂಜ್‌ನಲ್ಲಿ ಕೋಠಿ, ಹೆಂಡತಿ ಮಕ್ಕಳು ಲ್ಯೂಬೆಕ್‌ನಲ್ಲಿ. ಉತ್ತರದ ತುಪ್ಪಳ, ಅಂಬರ್ ಮಣಿಗಳನ್ನು ವೆನಿಸ್‌ಗೆ ಕಳಿಸಿ ಅಲ್ಲಿಂದ ರೇಷ್ಮೆ, ಮಸಾಲೆ ತರಿಸಲು 1407ರಲ್ಲಿ ಪಾಲುದಾರರೊಂದಿಗೆ ಕಂಪನಿ ಕಟ್ಟಿದ. ವೆನಿಸ್‌ಗೆ ಬರುತ್ತಿದ್ದ ಕಾಳುಮೆಣಸು ಅಲೆಕ್ಸಾಂಡ್ರಿಯಾದ ಮೂಲಕ ಅರಬರ ಕೈಯಿಂದ ಬರುತ್ತಿತ್ತು, ಅದರ ಬಳ್ಳಿ ಇದ್ದದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ. ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಇದಾಗಿ ನೂರೈವತ್ತು ವರ್ಷಗಳ ಮೇಲೆ. ಅದಕ್ಕೂ ಮೊದಲೇ ಘಟ್ಟದ ಮೆಣಸು ಬಾಲ್ಟಿಕ್ ತೀರದ ಅಡುಗೆ ಮನೆ ಮುಟ್ಟಿತ್ತು. ವೆಕಿನ್‌ಹುಸೆನ್‌ನ ವ್ಯಾಪಾರ ಕೈಕೊಟ್ಟಿತು. ಸಾಲ ತೀರಿಸಲಾರದೆ 1422ರಲ್ಲಿ ಬ್ರೂಜ್‌ನ ಸೆರೆಮನೆ ಸೇರಿ ಮೂರು ವರ್ಷ ಅಲ್ಲಿದ್ದ. ಹೆಂಡತಿ ಮಾರ್ಗರೆಟೆ ಲ್ಯೂಬೆಕ್‌ನಿಂದ ಅವನಿಗೆ ಕಾಗದ ಬರೆಯುತ್ತಿದ್ದಳು. ಬಿಡುಗಡೆಯಾಗಿ ಊರಿಗೆ ಬಂದವನು 1426ರಲ್ಲಿ ತೀರಿಕೊಂಡ. ಅವನ ನೂರಾರು ಕಾಗದಗಳೂ ಲೆಕ್ಕದ ಪುಸ್ತಕಗಳೂ ಉಳಿದಿವೆ. ಹಾನ್ಸಾದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಭಾಗ ಈ ಸೋತ ವ್ಯಾಪಾರಿಯ ಕಾಗದಗಳಿಂದ ಬಂದದ್ದು.

ಸೋಮವಾರ

ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಈ ದಿನ ಮುಚ್ಚಿರುತ್ತವೆ. ನಾವು ನದಿಯ ಬಾಯಿಗೆ, ಟ್ರಾವೆಮ್ಯುಂಡೆಗೆ ಹೊರಟೆವು. ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಸಮುದ್ರದ ಬಾಗಿಲು ತನ್ನ ಕೈಯಲ್ಲೇ ಇರಬೇಕೆಂದು ಲ್ಯೂಬೆಕ್ ಈ ಹಳ್ಳಿಯನ್ನು 1329ರಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡಿತು. ಯುದ್ಧ ಮಾಡಿ ಗೆಲ್ಲಲಿಲ್ಲ, ಕೊಂಡಿತು. ಇಲ್ಲಿಯ ಇಟ್ಟಿಗೆಯ ದೀಪಸ್ತಂಭ 1539ರದ್ದು, ಜರ್ಮನಿಯಲ್ಲಿ ಅತಿ ಹಳೆಯದು. ಪಕ್ಕದಲ್ಲಿ ಎದ್ದ ಎತ್ತರದ ಹೋಟೆಲ್ ಅದರ ಬೆಳಕನ್ನು ಮರೆ ಮಾಡಿದ್ದರಿಂದ ದೀಪವನ್ನು ಆ ಹೋಟೆಲಿನ ತಲೆಯ ಮೇಲೆಯೇ ಕೂರಿಸಿದ್ದಾರೆ.

ಮರಳ ದಂಡೆಯ ತುಂಬ ಬೆತ್ತದಲ್ಲಿ ಹೆಣೆದ ಮಾಡಿನ ಕುರ್ಚಿಗಳು. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಆ ಗೂಡಿನೊಳಗೆ ಕೂತರೆ ಮಾತ್ರ ಬೆಚ್ಚಗೆ. ನೀರು ಬಾಯಿಗೆ ಹಾಕಿ ನೋಡಿದೆ. ಅರಬ್ಬಿ ಸಮುದ್ರ ಕಂಡವರಿಗೆ ಇದು ಸಪ್ಪೆ. ಎಷ್ಟೋ ನದಿಗಳ ಸಿಹಿನೀರು ಸೇರುವ ಬಾಲ್ಟಿಕ್‌ನಲ್ಲಿ ಉಪ್ಪಿನಂಶ ಬಹಳ ಕಡಿಮೆ. ಕಡಲ ತಡಿಯಲ್ಲಿದ್ದೂ ಇವರು ಉಪ್ಪಿಗಾಗಿ ಒಳನಾಡಿಗೆ ಹೋದದ್ದೇಕೆ ಎಂಬುದು ಒಂದು ಗುಟುಕಿನಲ್ಲಿ ತಿಳಿಯಿತು.

ನದಿಯ ಆಚೆ ಪ್ರಿವಾಲ್. ಫೆರಿಯಲ್ಲಿ ಕೆಲವೇ ನಿಮಿಷ. ದಡಕ್ಕೆ ಕಟ್ಟಿ ನಿಲ್ಲಿಸಿದ ಪಾಸಾಟ್ ಹಡಗು ಅಲ್ಲಿದೆ. ನಾಲ್ಕು ಪಟಗಂಬಗಳು, 115 ಮೀಟರ್ ಉದ್ದ, 1911ರಲ್ಲಿ ಹ್ಯಾಂಬರ್ಗ್‌ನಲ್ಲಿ ನೀರಿಗಿಳಿದದ್ದು. ಪಾಮೀರ್ ಇದ್ದ ಕಂಪನಿಗೇ ಸೇರಿದ್ದು. ಚಿಲಿಯಿಂದ ಪೆಟ್ಲುಪ್ಪು ಹೊತ್ತು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು 39 ಬಾರಿ ಸುತ್ತಿದೆ. ಪಾಮೀರ್ ಮುಳುಗಿದ ಕೆಲವೇ ವಾರಗಳಲ್ಲಿ ಪಾಸಾಟ್ ಕೂಡ ಬಿರುಗಾಳಿಗೆ ಸಿಕ್ಕಿತು. ಎರಡರಲ್ಲೂ ತುಂಬಿದ್ದದ್ದು ಸಡಿಲ ಬಾರ್ಲಿ. ಹಡಗು ವಾಲಿದಾಗ ಕಾಳು ಒಂದು ಕಡೆಗೆ ಜಾರಿ ಮತ್ತಷ್ಟು ವಾಲಿಸುತ್ತದೆ. ಪಾಸಾಟ್ ಹೇಗೋ ಲಿಸ್ಬನ್ ಬಂದರು ಸೇರಿಕೊಂಡಿತು, ಆಮೇಲೆ ಸರಕು ಹೊರಲಿಲ್ಲ. ಗುಜರಿಗೆ ಹೋಗಬೇಕಿದ್ದ ಅದನ್ನು 1959ರಲ್ಲಿ ಲ್ಯೂಬೆಕ್ ನಗರ ಕೊಂಡಿತು. ಹಡಗಿನ ಮೇಲೆ ನಡೆದಾಡಿದೆವು. ಹುಡುಗರು ಮಲಗುತ್ತಿದ್ದ ಗೂಡುಗಳನ್ನೂ ಅಡುಗೆಯ ಒಲೆಯನ್ನೂ ಹತ್ತಿರದಿಂದ ನೋಡಿದೆವು. ನಿನ್ನೆ ಚರ್ಚಿನಲ್ಲಿ ಕಂಡ ಮುರುಕು ದೋಣಿ ಇಂಥದೇ ಹಡಗಿನ ಬದಿಯಲ್ಲಿ ತೂಗುತ್ತಿದ್ದದ್ದು.

ಪ್ರಿವಾಲ್‌ನ ದಂಡೆಯ ಮೇಲೆ ಪೂರ್ವಕ್ಕೆ ನಡೆಯುತ್ತಾ ಹೋದರೆ ಹಿಂದೆ ಎರಡು ಜರ್ಮನಿಗಳ ಗಡಿ ಇದ್ದ ಜಾಗ ಬರುತ್ತದೆ. ಪಶ್ಚಿಮ ಜರ್ಮನಿಯ ದೊಡ್ಡ ನಗರಗಳಲ್ಲಿ ಗಡಿಗೆ ನೇರವಾಗಿ ತಾಗಿಕೊಂಡಿದ್ದದ್ದು ಲ್ಯೂಬೆಕ್ ಒಂದೇ. ಇತ್ತ ಕಡೆ ಜನ ಸ್ನಾನಕ್ಕೆ ಬಂದು ಮರಳಲ್ಲಿ ಮಲಗುತ್ತಿದ್ದರು, ಅತ್ತ ಬೇಲಿ ಮತ್ತು ಕಾವಲು. ಈ ಊರಿನಲ್ಲಿ 1913ರಲ್ಲಿ ಹುಟ್ಟಿದ ವಿಲ್ಲಿ ಬ್ರಾಂಟ್ ಮುಂದೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿ, ಪೂರ್ವದವರೊಂದಿಗೆ ಮಾತುಕತೆಯ ದಾರಿ ತೆರೆದು 1971ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಹುಟ್ಟಿದವಳು ಮೇಘಾ. ಗಡಿ ಎಲ್ಲಿತ್ತೆಂದು ಅವಳಿಗೆ ತೋರಿಸಲು ಈಗ ಅಲ್ಲಿ ಒಂದು ನೆನಪಿನ ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಅದನ್ನು ದಾಟಿ ಮೆಕ್ಲೆನ್‌ಬರ್ಗ್ ಕಡೆಯ ದಿಬ್ಬಗಳ ಗುಂಟ ಇನ್ನೂ ಎರಡು ಕಿಲೋಮೀಟರ್ ನಡೆದೆವು. ಕಾವಲಿನ ವರ್ಷಗಳಲ್ಲಿ ಯಾರೂ ಕಾಲಿಡದಿದ್ದ ಈ ಭಾಗದಲ್ಲಿ ಕಟ್ಟಡಗಳೇ ಎದ್ದಿಲ್ಲ. ದಟ್ಟ ಪೊದೆ, ತುಂಬ ಹಕ್ಕಿಗಳು.

ಹಿಂದಿರುಗುವಾಗ ಸ್ವೀಡನ್ನಿನ ಟ್ರೆಲ್ಲೆಬೋರ್ಗ್‌ನಿಂದ ಬಂದ ಫೆರಿ ಹಡಗೊಂದು ನದಿಯ ಬಾಯಿ ಹೊಕ್ಕಿತು. ಹತ್ತು ಅಂತಸ್ತಿನ ಮನೆಯಷ್ಟು ಎತ್ತರ, ಹೊಟ್ಟೆಯ ತುಂಬ ಲಾರಿಗಳು. ಫಿನ್‌ಲ್ಯಾಂಡಿನಿಂದ ಕಾಗದದ ಸುರುಳಿಗಳು, ಮರ, ಸ್ವೀಡನ್ನಿನಿಂದ ಯಂತ್ರಗಳು ಈಗಲೂ ಈ ದಾರಿಯಲ್ಲೇ ಬರುತ್ತವೆ. ಹಡಗು ಹಾದುಹೋಗುವ ತನಕ ಸಣ್ಣ ಫೆರಿ ದಡದಲ್ಲಿ ಕಾಯಿತು. ಆಮೇಲೆ ನಮ್ಮನ್ನು ಆಚೆಗೆ ದಾಟಿಸಿತು. ಎಂಟು ಗಂಟೆಯ ರೈಲು ಹಿಡಿದು ಹ್ಯಾಂಬರ್ಗ್‌ಗೆ ಹೊರಟೆವು.